ಕಾಶ್ಮೀರ: ಕಲ್ಲಿನ ದೇಗುಲ, ಮರದ ಮಸೀದಿ

ಮಸೀದಿಯೆಂದೊಡನೆ ಗುಮ್ಮಟ ಕಣ್ಣೆದುರು ಬರುವುದು ಸಹಜ. ಆದರೆ ಕಾಶ್ಮೀರ ಕಣಿವೆಯ ಹಳೆಯ ಮಸೀದಿ, ದರ್ಗಾಗಳಲ್ಲಿ ಗುಮ್ಮಟ ಅಪರೂಪ. ಅದರ ಬದಲು ಒಂದರ ಮೇಲೊಂದು ಏರಿದ ಇಳಿಜಾರು ಛಾವಣಿ, ತುದಿಯಲ್ಲೊಂದು ಚೂಪಾದ ಶಿಖರ. ಇದೇಕೆ ಹೀಗೆ? ಉತ್ತರ ಅಲ್ಲಿನ ಹಿಮ ಮತ್ತು ದೇವದಾರು ಕಾಡುಗಳಲ್ಲಿದೆ. ಅದಕ್ಕೂ ಹಿಂದಿನ ಧರ್ಮಗಳ ಕಟ್ಟಡಗಳಲ್ಲೂ ಇದೆ.

ಕಣಿವೆಯ ಹಳೆಯ ಕುರುಹುಗಳು ಬೌದ್ಧರವು. ಶ್ರೀನಗರದ ಬಳಿಯ ಹಾರ್ವಾನ್‌ನಲ್ಲಿ ಚಿತ್ರ ಒತ್ತಿದ ಸುಟ್ಟ ಮಣ್ಣಿನ ಹಾಸುಬಿಲ್ಲೆಗಳು ದೊರೆತಿವೆ. ಪರಿಹಾಸಪುರದಲ್ಲಿ ಭಾರಿ ಸ್ತೂಪದ ಕಲ್ಲಿನ ತಳಪಾಯವಷ್ಟೇ ಉಳಿದಿದೆ. 8ನೇ ಶತಮಾನದಲ್ಲಿ ಲಲಿತಾದಿತ್ಯ ಅನಂತನಾಗದ ಬಳಿ ಮಾರ್ತಾಂಡ ಸೂರ್ಯ ದೇಗುಲ ಕಟ್ಟಿಸಿದ. ಅಂಗಳದ ಸುತ್ತ 84 ಕಂಬಗಳ ಸಾಲು, ಮೂರು ದಳದ ಕಮಾನು. 9ನೇ ಶತಮಾನದಲ್ಲಿ ಅವಂತಿವರ್ಮ ಅವಂತಿಪುರದಲ್ಲಿ ಇದೇ ಶೈಲಿಯನ್ನು ಮುಂದುವರಿಸಿದ. ಶ್ರೀನಗರದ ಪಾಂಡ್ರೇಠನ್‌ನ ಪುಟ್ಟ ದೇಗುಲದ ಛಾವಣಿ ಇಂದಿಗೂ ಉಳಿದಿದೆ. ಕಲ್ಲಿನದೇ ಆದರೂ ಎರಡು ಅಂತಸ್ತಿನ ಅದರ ಇಳಿಜಾರು ಮರದ ಮಾಡನ್ನೇ ಹೋಲುತ್ತದೆ!

14ನೇ ಶತಮಾನದಲ್ಲಿ ಇಸ್ಲಾಂ ಕಣಿವೆಯಲ್ಲಿ ಬೇರೂರಿದಾಗ ಕಲ್ಲಿನ ಜಾಗಕ್ಕೆ ಮರ ಬಂತು. ಮಾಡಿನ ಆಕಾರ ಮಾತ್ರ ಉಳಿಯಿತು. ಸೂಫಿ ಸಂತ ಮೀರ್ ಸೈಯದ್ ಅಲಿ ಹಮದಾನಿಯ ನೆನಪಿಗೆ ಝೇಲಂ ದಂಡೆಯಲ್ಲಿ ಸುಲ್ತಾನ್ ಸಿಕಂದರ್ ಖಾನ್‌ಖಾಹ್ ಕಟ್ಟಿಸಿದ. ಈಗಿರುವುದು 1732ರ ಕಟ್ಟಡ. ಅದರ ನದಿಯ ಬದಿಯ ಗೋಡೆಯ ಬುಡದಲ್ಲಿ ಹಿಂದೂಗಳು ಕಾಳಿಯ ಸ್ಥಾನವೆಂದು ಪೂಜಿಸುವ ಜಾಗವಿದೆ. ಸಿಕಂದರನೇ ಆರಂಭಿಸಿದ ಜಾಮಿಯಾ ಮಸೀದಿಯಲ್ಲಿ ಸುಮಾರು 370 ದೇವದಾರು ಕಂಬಗಳಿವೆ. ನಡುವೆ ಪರ್ಷಿಯಾ ಮಾದರಿಯ ಅಂಗಳ. ಅದರ ಬದಿಗಳಲ್ಲಿ ಕಾಶ್ಮೀರದ ಶಿಖರಗಳು. ದೇಗುಲಗಳ ನಾಶದ ಹೊಣೆಯನ್ನು ಚರಿತ್ರೆಕಾರರು ಹೊರಿಸುವುದೂ ಇದೇ ಸಿಕಂದರನ ಮೇಲೆ. ಭೂಕಂಪಗಳೂ ಅವನ್ನು ಬಿಡಲಿಲ್ಲ.

ಹೊರಗಿನಿಂದ ಬಂದವರು ತಮ್ಮ ಶೈಲಿಯನ್ನು ತಂದದ್ದೂ ಉಂಟು. ಖಾನ್‌ಖಾಹ್‌ನ ಎದುರು ದಂಡೆಯಲ್ಲಿ 1623ರಲ್ಲಿ ನೂರ್ ಜಹಾನ್ ಕಟ್ಟಿಸಿದ ಪತ್ಥರ್ ಮಸೀದಿ ಅಪ್ಪಟ ಮೊಘಲ್ ಕಲ್ಲುಕಟ್ಟಡ. ಅದಕ್ಕೆ ಶಿಖರವಿಲ್ಲ. ಹಜರತ್‌ಬಾಲ್‌ಗೆ ಬಿಳಿ ಗುಮ್ಮಟ ಬಂದದ್ದು 20ನೇ ಶತಮಾನದಲ್ಲಿ.

ಮರದ ಕಟ್ಟಡ ಭೂಕಂಪಕ್ಕೆ ಬಳುಕಬಲ್ಲದು. ಬೆಂಕಿಗೆ ಮಾತ್ರ ಸುಲಭದ ತುತ್ತು. ಜಾಮಿಯಾ ಮಸೀದಿ ಮೂರು ಬಾರಿ ಉರಿದು ಮತ್ತೆ ಎದ್ದಿತು. 1995ರಲ್ಲಿ ಚರಾರ್-ಎ-ಶರೀಫ್, 2012ರಲ್ಲಿ ಶ್ರೀನಗರದ ದಸ್ತಗೀರ್ ಸಾಹೇಬ್ ದರ್ಗಾ ಸುಟ್ಟುಹೋದವು. 2017ರಲ್ಲಿ ಖಾನ್‌ಖಾಹ್‌ನ ಶಿಖರಕ್ಕೂ ಬೆಂಕಿ ತಗುಲಿತು. ದಸ್ತಗೀರ್ ಸಾಹೇಬ್ ಹಳೆಯ ರೂಪದಲ್ಲೇ ಮರಳಿ ನಿಲ್ಲಲು ಸಾಧ್ಯವಾದದ್ದು ಅದರ ವಿವರವಾದ ನಕ್ಷೆಗಳನ್ನು ಮೊದಲೇ ಮಾಡಿಟ್ಟಿದ್ದರಿಂದ.

ಹಿಂದೆ ಭೂರ್ಜ ಮರದ ತೊಗಟೆ ಹಾಸಿ, ಮೇಲೆ ಮಣ್ಣು ಹರಡಿ ಛಾವಣಿ ಮಾಡುತ್ತಿದ್ದರು. ವಸಂತದಲ್ಲಿ ಅದರ ಮೇಲೆ ಟ್ಯುಲಿಪ್, ಐರಿಸ್ ಹೂವುಗಳು ಅರಳುತ್ತಿದ್ದವು. ಆ ಮಾಡುಗಳಿದ್ದೆಡೆ ಈಗ ಬಹುತೇಕ ತಗಡಿನ ಹೊದಿಕೆ. ಹಿಮವೇನೋ ಜಾರುತ್ತದೆ, ಹೂವಿಗೆ ನೆಲೆಯಿಲ್ಲ. ಉಳಿದ ಮರಗೆಲಸವನ್ನಾದರೂ ಕಾಯಬೇಕಾದರೆ ಪ್ರತಿ ಹಳೆಯ ಕಟ್ಟಡದ ನಕ್ಷೆ ಬೆಂಕಿಗೆ ಮೊದಲೇ ಸಿದ್ಧವಾಗಬೇಕು.