ಸುಮ್ಮನೆ ಮಲಗಿದರೂ ಸಿಗುವ ಮಾತಿನ ನಕ್ಷೆ

ಮಿದುಳಿನ ಎಡಭಾಗದಲ್ಲಿ ಗೆಡ್ಡೆ ಬೆಳೆದಿದ್ದರೆ, ಅದನ್ನು ತೆಗೆಯುವ ವೈದ್ಯರನ್ನು ಕಾಡುವುದು ಒಂದು ದೊಡ್ಡ ಚಿಂತೆ: ರೋಗಿಯ ಮಾತು ಉಳಿಯಬೇಕು. ಮಾತಿಗೆ ಬೇಕಾದ ಜಾಗಗಳನ್ನು 1861ರಲ್ಲಿ ಪಾಲ್ ಬ್ರೋಕಾ, 1874ರಲ್ಲಿ ಕಾರ್ಲ್ ವೆರ್ನಿಕೆ ಗುರುತಿಸಿದ್ದರು ನಿಜ. ಆದರೆ ಆ ಜಾಗ ಎಲ್ಲರಲ್ಲೂ ಒಂದೇ ಕಡೆ ಇರುವುದಿಲ್ಲ. ಗೆಡ್ಡೆ ಒತ್ತಿದಾಗ ಅದು ಇನ್ನಷ್ಟು ಸರಿದಿರಬಹುದು.

ಹಾಗಾಗಿ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ಮಾಡುತ್ತಾರೆ. ರೋಗಿ ಯಂತ್ರದೊಳಗೆ ಮಲಗಿ, ಚಿತ್ರ ನೋಡಿ ಮನಸ್ಸಿನಲ್ಲೇ ಹೆಸರು ಹೇಳಿಕೊಳ್ಳಬೇಕು, ಕೊಟ್ಟ ಅಕ್ಷರದಿಂದ ಪದ ಹುಡುಕಬೇಕು. ಯಶವಂತನಗರದ ಕಡೆಯಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬಂದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ತಾಂಡಾದಲ್ಲಿ ಲಂಬಾಣಿ, ಸಂಡೂರಿನ ಸಂತೆಯಲ್ಲಿ ಕನ್ನಡ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 'ಕ'ದಿಂದ ಶುರುವಾಗುವ ಪದ ಹುಡುಕಿ ಎಂದರೆ ಅವರು ಏನು ಮಾಡಬೇಕು? ಪುಟ್ಟ ಮಕ್ಕಳಿಗೂ, ಆಗಲೇ ಮಾತು ತಡವರಿಸುತ್ತಿರುವವರಿಗೂ ಇದೇ ಕಷ್ಟ.

ಇಂಥವರಿಗೆ ನೆರವಾಗಬಲ್ಲದ್ದು ವಿಶ್ರಾಂತ ಸ್ಥಿತಿಯ ಎಫ್‌ಎಂಆರ್‌ಐ. ಅಲುಗಾಡದೆ ಹತ್ತು ನಿಮಿಷದಷ್ಟು ಮಲಗಿದರಾಯಿತು. ಯಂತ್ರ ಎರಡು ಮೂರು ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಚಿತ್ರ ತೆಗೆಯುತ್ತ ಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಹೆಚ್ಚು ಕಡಿಮೆಯಾದಂತೆ ಅದರ ಕಾಂತೀಯ ಗುಣ ಬದಲಾಗುತ್ತದೆ. ಯಂತ್ರ ಹಿಡಿಯುವುದು ಅದನ್ನೇ. ಸುಮ್ಮನಿದ್ದಾಗಲೂ ಈ ಸಂಕೇತ ಬಲು ನಿಧಾನವಾಗಿ ಏರಿಳಿಯುತ್ತದೆ. ಒಂದು ಏರಿಳಿತಕ್ಕೆ ಹತ್ತು ಸೆಕೆಂಡಿಗೂ ಹೆಚ್ಚು. ಮೊದಲು ಇದನ್ನು ಬರೀ ಗದ್ದಲ ಎಂದುಕೊಂಡಿದ್ದರು. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ಕೈ ಆಡಿಸುವ ಎಡ–ಬಲ ಭಾಗಗಳು ಕೈ ಆಡಿಸದಿದ್ದಾಗಲೂ ಜೊತೆಜೊತೆಗೆ ಏರಿಳಿಯುವುದನ್ನು ತೋರಿಸಿದರು. ಮಾತಿನ ಜಾಗಗಳೂ ಹಾಗೆಯೇ: ಒಂದನ್ನು ಹಿಡಿದು, ಅದರೊಂದಿಗೆ ಹೆಜ್ಜೆ ಹಾಕುವ ಉಳಿದವನ್ನು ಗಣಕದಲ್ಲಿ ಹುಡುಕುತ್ತಾರೆ.

ಇಷ್ಟರ ಮೇಲೆಯೇ ಕತ್ತರಿ ಹಿಡಿಯುವಂತಿಲ್ಲ. ತಲೆ ತುಸು ಅಲುಗಿದರೂ ಲೆಕ್ಕ ಕೆಡುತ್ತದೆ. ಗೆಡ್ಡೆಯ ಸುತ್ತಲಿನ ರಕ್ತನಾಳಗಳು ಸರಿಯಿಲ್ಲದಿದ್ದರೆ ಸಂಕೇತವೇ ದಾರಿ ತಪ್ಪಿಸುತ್ತದೆ. ಜೊತೆಗೆ ಏರಿಳಿದ ಜಾಗವೆಲ್ಲ ಮಾತಿಗೆ ಬೇಕೇ ಬೇಕು ಎಂದೂ ಅಲ್ಲ. ಅದಕ್ಕಾಗಿಯೇ, ಸಾಧ್ಯವಾದವರಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ರೋಗಿಯನ್ನು ಎಚ್ಚರವಾಗಿಟ್ಟು, ಮಿದುಳಿನ ಮೇಲೆ ಸಣ್ಣ ವಿದ್ಯುತ್ ಹರಿಸಿ, ಮಾತು ನಿಲ್ಲುವುದು ಎಲ್ಲಿ ಎಂದು ನೋಡುತ್ತಾರೆ. ಎರಡು ಭಾಷೆ ಬಲ್ಲವರಲ್ಲಿ ಒಂದು ಜಾಗ ಮುಟ್ಟಿದರೆ ಒಂದೇ ಭಾಷೆ ತಡವರಿಸುವುದುಂಟು ಎಂದು 1978ರಲ್ಲೇ ಸಂಶೋಧಕರಾದ ಓಜ್‌ಮನ್ ಮತ್ತು ವಿಟೇಕರ್ ವರದಿ ಮಾಡಿದ್ದಾರೆ. ಆದ್ದರಿಂದ ಆ ಅಜ್ಜಿಯ ಪಕ್ಕದಲ್ಲಿ ಚಿತ್ರ ಹಿಡಿದು, "ಇದೇನಮ್ಮ?" ಎಂದು ಕನ್ನಡದ ಜೊತೆಗೆ ಲಂಬಾಣಿಯಲ್ಲೂ ಕೇಳಬಲ್ಲ ಒಬ್ಬರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇರಲೇಬೇಕು.