ಕುಂದಾಪುರ ಕಂಡ ಸಹನೆ: ಸಂತ ಜೋಸೆಫ್ ವಾಜ್

ಕೋಟೇಶ್ವರದ ಕ್ರೈಸ್ತ ಬಾಂಧವರಾದ ನಾವು ಕುಂದಾಪುರದ ರೊಜಾರಿ ಮಾತೆಯ ಇಗರ್ಜಿಗೆ ಹೋದಾಗಲೆಲ್ಲ ಹಿರಿಯರಿಂದ ಕೇಳಿಬಂದ ಪ್ರತೀತಿಯೊಂದು ನೆನಪಾಗುತ್ತದೆ. ಅಲ್ಲಿ ಶಿಲುಬೆಯ ಮುಂದೆ ಪ್ರಾರ್ಥನೆಯಲ್ಲಿ ಮೈಮರೆತಿದ್ದ ಜೋಸೆಫ್ ವಾಜ್ ಎಂಬ ಗುರುಗಳು ನೆಲದಿಂದ ಮೇಲೆದ್ದುದನ್ನು ಜನರು ಕಂಡರಂತೆ. ಈ ಕಥೆಯನ್ನು ನಾವು ಮಕ್ಕಳಿಗೆ ಅಕ್ಕರೆಯಿಂದ ಹೇಳುತ್ತೇವೆ. ಆದರೆ ನೆಲದ ಮೇಲೆ ಅವರು ನಡೆದ ಮೂರು ವರುಷಗಳ ಕಥೆಯನ್ನು ಹೇಳುವವರು ವಿರಳ.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿ, 1676ರಲ್ಲಿ ಗುರುದೀಕ್ಷೆ ಪಡೆದ ಇವರು ಕೆನರಾಕ್ಕೆ ಬಂದುದು 1681ರಲ್ಲಿ. ಆಗ ಈ ನಾಡು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಕ್ರೈಸ್ತರಿಗೆ ಆ ದಿನಗಳಲ್ಲಿ ಒದಗಿದ ದೊಡ್ಡ ಸಂಕಟ ಹೊರಗಿನವರಿಂದ ಬಂದುದಲ್ಲ, ತಮ್ಮವರಿಂದಲೇ ಬಂದುದು. ಪೋರ್ಚುಗೀಸ್ ಅರಸನ ಆಶ್ರಯದಲ್ಲಿದ್ದ ಗೋವೆಯ ಧರ್ಮಾಧಿಕಾರ ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದಿ ಕಾಸ್ತ್ರೊ ಇನ್ನೊಂದು ಕಡೆ. ಯಾರು ನೀಡಿದ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂದು ತಿಳಿಯದೆ ಬಡ ಭಕ್ತರು ಕಂಗಾಲಾಗಿದ್ದರು. ಮನೆಯಲ್ಲಿ ಸಾಯುತ್ತಿರುವವನಿಗೆ ಗುರುಗಳನ್ನು ಕರೆತರಬೇಕಾದ ಮಗನು ಯಾರ ಬಾಗಿಲು ತಟ್ಟಬೇಕಿತ್ತು?

ಗೋವೆಯ ಪರವಾಗಿ ಬಂದವರಾದರೂ ವಾಜ್ ಗುರುಗಳು ಬಿಷಪರನ್ನು ಗೌರವದಿಂದ ಕಂಡರು. ಒಂದು ಪಕ್ಷದ ಬಾವುಟ ಹಿಡಿದು ಕೂಗಾಡುವುದು ಅವರಿಗೆ ಸುಲಭವಿತ್ತು. ಅವರಾದರೋ ಹಳ್ಳಿಯಿಂದ ಹಳ್ಳಿಗೆ ನಡೆದು ಪಾಪನಿವೇದನೆ ಕೇಳಿದರು, ಪೂಜೆ ಅರ್ಪಿಸಿದರು, ರೋಗಿಗಳನ್ನು ಸಂದರ್ಶಿಸಿದರು. ವೈರಿ ಕೊಡುವ ಪೆಟ್ಟಿಗಿಂತ ಸ್ವಜನರ ಜಗಳವನ್ನು ಸಹಿಸುವುದೇ ಕಠಿಣವೆಂದು ನಮಗೆ ತೋರುತ್ತದೆ; ಮೊದಲನೆಯದರಲ್ಲಿ ಹುತಾತ್ಮನ ಕೀರ್ತಿಯಾದರೂ ಇದೆ. 1684ರಲ್ಲಿ ಅವರು ಗೋವೆಗೆ ಮರಳಿದಾಗ ಆ ವ್ಯಾಜ್ಯವೇನೂ ಬಗೆಹರಿದಿರಲಿಲ್ಲ.

ಇಲ್ಲಿ ಕಲಿತ ಸಹನೆ ಮುಂದೆ ಸಿಂಹಳದಲ್ಲಿ ಉಪಯೋಗಕ್ಕೆ ಬಂತು. ಅಲ್ಲಿನ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. 1687ರಲ್ಲಿ ವಾಜ್ ಗುರುಗಳು ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಸೇರಿ, ಭೇದಿಯಿಂದ ನರಳಿ, ಗುಟ್ಟಾಗಿ ರಾತ್ರಿಯ ವೇಳೆ ಪೂಜೆ ಸಲ್ಲಿಸಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾದರು. 1697ರಲ್ಲಿ ಆ ಪಟ್ಟಣಕ್ಕೆ ಸಿಡುಬು ತಗಲಿತು. ಬಂಧುಗಳೇ ರೋಗಿಗಳನ್ನು ತೊರೆದು ಓಡಿಹೋದಾಗ, ಹಿಂದೆ ಸೆರೆಯಾಳಾಗಿದ್ದ ಇವರೇ ಆ ಹುಣ್ಣುಗಳನ್ನು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಮಣ್ಣುಮಾಡಿದರು. ಅವರ ಮತ ಯಾವುದೆಂದು ಕೇಳಲಿಲ್ಲ.

ಸಂತರ ಬದುಕನ್ನು ಓದುವಾಗ ನಮ್ಮ ಕಣ್ಣು ಪವಾಡಗಳ ಕಡೆಗೇ ಓಡುತ್ತದೆ. ಆದರೆ ಪಾರ್ಶ್ವವಾಯು ಬಡಿದ ಗಂಡನನ್ನು ವರುಷಗಟ್ಟಲೆ ಮಗ್ಗುಲು ಬದಲಿಸಿ ಮಲಗಿಸುವ ತಾಯಂದಿರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಸಂಜೆಯ ಜಪಸರಕ್ಕೆ ಕುಳಿತಾಗ ಅವರ ಬಾಯಿಂದ ದೂರು ಹೊರಡುವುದೂ ಉಂಟು. ದೂರಿದರೆಂದ ಮಾತ್ರಕ್ಕೆ ಅವರ ವಿಶ್ವಾಸ ಕಡಿಮೆಯೆಂದು ತಿಳಿಯಬಾರದು. ಯೇಸುಸ್ವಾಮಿಯೂ ಗೆತ್ಸೆಮನೆಯಲ್ಲಿ ಆ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿದರಲ್ಲವೇ? ಅಂಥ ಮನೆಗೆ ಹೋಗಿ ‘ಎಲ್ಲ ದೇವರ ಚಿತ್ತ’ ಎಂದು ಹೇಳಿ ಮರಳುವುದಕ್ಕಿಂತ, ಒಂದು ರಾತ್ರಿ ರೋಗಿಯ ಬಳಿ ಕುಳಿತು ಆ ತಾಯಿಗೆ ನಿದ್ರೆ ಮಾಡಲು ಬಿಡುವುದು ವಾಜ್ ಗುರುಗಳ ದಾರಿಗೆ ಹತ್ತಿರವಾದುದು.

ಸಿಂಹಳ ಸೇರಿದ ಮೇಲೆ ಅವರು ಗೋವೆಯನ್ನು ಮತ್ತೆ ಕಾಣಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರ ಹಬ್ಬ ಜನವರಿ 16ರಂದು ಬರುತ್ತದೆ. ಆ ದಿನ ಕುಂದಾಪುರಕ್ಕೆ ಹೊರಡುವವರು ಹಾಸಿಗೆ ಹಿಡಿದ ನೆರೆಯವರಲ್ಲಿ ಒಂದು ಮಾತು ಕೇಳಿ ಹೋಗಲಿ: ಅವರ ಪರವಾಗಿ ಅಲ್ಲಿ ಏನನ್ನು ಬೇಡಿಕೊಳ್ಳಬೇಕೆಂದು.