ಬಿಸಿಲ ಸೀಮೆಯಲ್ಲಿ ತಣ್ಣೀರಿನ ಜೀವಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಆಕ್ಸೊಲಾಟಲ್ ಸಾಕಬೇಕೆನ್ನುವವರು ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ನೀರಿನ ಉಷ್ಣಾಂಶವನ್ನು. ಕಪ್ಪೆಯ ದೂರದ ಸಂಬಂಧಿಯಾದ ಈ ಉಭಯವಾಸಿ, ಗರಿಯಂತೆ ಚಾಚಿದ ಮರಿಗಾಲದ ಕಿವಿರನ್ನು ಬದುಕಿನುದ್ದಕ್ಕೂ ಉಳಿಸಿಕೊಂಡು ನೀರಿನಲ್ಲೇ ಇರುತ್ತದೆ. ಇದರ ತವರು ಮೆಕ್ಸಿಕೊ ನಗರದ ಷೋಚಿಮಿಲ್ಕೊ ಕಾಲುವೆಗಳು. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ತಂಪು ಜಾಗ. ಇದಕ್ಕೆ ಹಿತವಾದದ್ದು 16ರಿಂದ 18 ಡಿಗ್ರಿಯ ನೀರು; 24 ದಾಟಿದರೆ ಸಂಕಟ ಶುರು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮನೆಯೊಳಗಿನ ನೀರೂ 30ರ ಮೇಲೆಯೇ ಇರುತ್ತದೆ.

ಬೋರ್‌ವೆಲ್ ನೀರು ಗಡಸು, ಅದಕ್ಕೇ ಪ್ರಾಣಿ ಸಾಯುತ್ತದೆ ಎನ್ನುವವರಿದ್ದಾರೆ. ಆದರೆ ಆಕ್ಸೊಲಾಟಲ್‌ಗೆ ತುಸು ಗಡಸು ನೀರೇ ಒಗ್ಗುತ್ತದೆ. ನಳದ ನೀರಾದರೆ ಕ್ಲೋರಿನ್ ತೆಗೆದರೆ ಸಾಕು. ಕೊಲ್ಲುವುದು ಬಿಸಿ, ಅದೂ ಹಲವು ದಾರಿಯಿಂದ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ, ಪ್ರಾಣಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಹಿಕ್ಕೆ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ಬಿಸಿ ನೀರಿನಲ್ಲಿ ಇನ್ನಷ್ಟು ವಿಷವಾಗುತ್ತದೆ. ನೀರು ಕ್ಷಾರೀಯವಾಗಿದ್ದರಂತೂ ಕೇಳುವುದೇ ಬೇಡ. ಮೈಮೇಲೆ ಶಿಲೀಂಧ್ರ ಹತ್ತಿಕೊಳ್ಳುತ್ತದೆ. ಕಿವಿರು ಮುಂದಕ್ಕೆ ಬಾಗುವುದು, ಊಟ ಬಿಡುವುದು ಪ್ರಾಣಿ ಕಷ್ಟದಲ್ಲಿದೆ ಎಂಬುದರ ಗುರುತು. ಆದ್ದರಿಂದ ಪ್ರಾಣಿಯನ್ನು ತರುವ ಮೊದಲೇ ನಾಲ್ಕರಿಂದ ಆರು ವಾರ ಫಿಲ್ಟರ್ ಓಡಿಸಿ, ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಬಿಡಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಸಣ್ಣ ಕಲ್ಲು ಹಾಕಬಾರದು; ಬಾಯಿಗೆ ಸಿಕ್ಕಿದ್ದನ್ನೆಲ್ಲ ನುಂಗುವ ಪ್ರಾಣಿ ಇದು, ಕಲ್ಲು ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಸಾಯಬಹುದು. ಊಟಕ್ಕೆ ಎರೆಹುಳುವಿಗಿಂತ ಒಳ್ಳೆಯದಿಲ್ಲ, ಆದರೆ ಔಷಧಿ ಹೊಡೆದ ಗದ್ದೆಯ ಹುಳು ಬೇಡ.

ಫ್ಯಾನ್ ಹಾಕಿದರಾಗದೇ ಎಂಬ ಪ್ರಶ್ನೆ ಸಹಜ. ನಮ್ಮ ಒಣ ಹವೆಯಲ್ಲಿ ಆವಿಯಾಗುವ ನೀರು ತೊಟ್ಟಿಯನ್ನು ಕೆಲವು ಡಿಗ್ರಿ ತಂಪು ಮಾಡುವುದು ನಿಜ. ಆದರೆ ಮೂವತ್ತು ದಾಟಿದ ನೀರನ್ನು ಅದು ಹದಿನೆಂಟಕ್ಕೆ ಇಳಿಸಲಾರದು. ಜೊತೆಗೆ ನೀರು ಆವಿಯಾದಷ್ಟೂ ಲವಣ ಒಳಗೇ ಉಳಿಯುತ್ತದೆ. ಐಸ್ ಬಾಟಲಿ ಇಳಿಸಿದರೆ ಉಷ್ಣಾಂಶ ಒಮ್ಮೆ ಕುಸಿದು ಮತ್ತೆ ಏರುತ್ತದೆ, ಆ ಏರಿಳಿತವೇ ಒಂದು ಪೆಟ್ಟು. ಉಳಿದದ್ದು ತೊಟ್ಟಿಯ ನೀರನ್ನು ತಂಪಾಗಿಡುವ ಯಂತ್ರ, ಅಕ್ವೇರಿಯಂ ಚಿಲ್ಲರ್. ಮಧ್ಯಾಹ್ನ ಕರೆಂಟ್ ಹೋದರೂ ಅದು ಓಡುತ್ತಿರಬೇಕು. ಅಂದರೆ ಅದರ ಭಾರ ತಡೆಯುವ ಇನ್ವರ್ಟರ್ ಬೇಕು. ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲ ಪ್ರಾಣಿಗೆ ಪ್ರತಿ ಬೇಸಿಗೆಯೂ ಈ ಖರ್ಚು.

ಅಳಿವಿನಂಚಿನ ಜೀವಿಯನ್ನು ಮನೆಯಲ್ಲಿ ಸಾಕಿದರೆ ಸಂರಕ್ಷಣೆಯಾಗುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಾಕು ಆಕ್ಸೊಲಾಟಲ್‌ಗಳ ವಂಶದ ಬಹುಪಾಲು 1864ರಲ್ಲಿ ಪ್ಯಾರಿಸ್‌ಗೆ ಹೋದ ಪ್ರಾಣಿಗಳಿಗೆ ಮುಟ್ಟುತ್ತದೆ; ನಮ್ಮ ಗಾಜಿನ ತೊಟ್ಟಿಯಿಂದ ಷೋಚಿಮಿಲ್ಕೊದ ನೀರು ಶುದ್ಧವಾಗುವುದಿಲ್ಲ. ಮಕ್ಕಳು ಪ್ರಾಣಿಪ್ರೀತಿ ಕಲಿಯುತ್ತಾರೆ ಎಂಬುದು ಗೌರವಿಸಬೇಕಾದ ಮಾತು, ಆದರೆ ಬಿಸಿಗೆ ನರಳುವ ಜೀವ ಅದನ್ನು ಕಲಿಸಲಾರದು. ನಮ್ಮ ಸೆಕೆಗೆ ಒಗ್ಗುವ ಮೀನುಗಳು ಎಷ್ಟೋ ಇವೆ. ಮೇಲಾಗಿ ಆಕ್ಸೊಲಾಟಲ್ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಪ್ರಾಣಿ. ಕೇಂದ್ರ ಸರ್ಕಾರದ 2024ರ ನಿಯಮದಂತೆ ಕೈಗೆ ಬಂದ ಮೂವತ್ತು ದಿನದೊಳಗೆ ಅದರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಈಗಾಗಲೇ ತಂದಿದ್ದು ಸಾಕಲಾಗದಿದ್ದರೆ, ಸೌಲಭ್ಯ ಇರುವವರಿಗೆ ನಿಯಮದಂತೆ ಒಪ್ಪಿಸಿ; ತುಂಗಭದ್ರಾ ಕಾಲುವೆಗೆ ಮಾತ್ರ ಬಿಡಬೇಡಿ.